ಅರಿಯದವರ ನಂಬಿಕೆ

ಮನುಷ್ಯ ಯಾವ ವಯಸ್ಸಿಗೆ ತನ್ನ ಮುಗ್ಧತೆಯನ್ನು ಕಳೆದುಕೊಳ್ಳುತ್ತಾನೆ? ಈ ಪ್ರಶ್ನೆಗೆ ನಮ್ಮ ಕಾಯ್ದೆಗಳು ಕೊಟ್ಟ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯ್ದೆ ಬ್ರಿಟಿಷ್ ಪ್ರಾಂತಗಳಲ್ಲಿ ಆ ಗೆರೆಯನ್ನು 14ಕ್ಕೆ ಎಳೆಯಿತು. 1978ರ ತಿದ್ದುಪಡಿ ಅದನ್ನು 18ಕ್ಕೆ ಒಯ್ದಿತು. ದುಡಿಮೆಗೆ 14, ಮತ ಹಾಕಲು ಮೊದಲು 21, 1989ರಿಂದ ಈಚೆಗೆ 18. ಇಷ್ಟು ವರ್ಷಗಳಲ್ಲಿ ಮಕ್ಕಳ ಸ್ವಭಾವವೇನೂ ಬದಲಾಗಲಿಲ್ಲ. 9 ವರ್ಷದ ಹುಡುಗಿ 1894ರಲ್ಲೂ ಕೂಸೇ, ಈಗಲೂ ಕೂಸೇ. ಬದಲಾದದ್ದು ದೊಡ್ಡವರ ಹೊಣೆ ಎಲ್ಲಿಯವರೆಗೆ ಎಂದು ದೊಡ್ಡವರೇ ಒಪ್ಪಿಕೊಂಡ ಅಳತೆ. ಅಂದಮೇಲೆ ಮುಗ್ಧತೆಯ ಲೆಕ್ಕವನ್ನು ಮಗುವಿನ ವಯಸ್ಸಿನಿಂದ ಹಾಕುವುದಕ್ಕಿಂತ, ಆ ಮಗುವಿನ ಸುತ್ತ ಇರುವವರ ನಡತೆಯಿಂದ ಹಾಕುವುದು ಸರಿ ಎಂದು ನನಗೆ ತೋರುತ್ತದೆ.

ಸಾಮಾನ್ಯವಾಗಿ ನಾವು ಆಡುವ ಮಾತು ಬೇರೆ. ತಿಳುವಳಿಕೆ ಬಂದಹಾಗೆ ಮುಗ್ಧತೆ ಹೋಗುತ್ತದೆ, ಹಲ್ಲು ಬಿದ್ದು ಹಲ್ಲು ಬಂದಷ್ಟೇ ಸಹಜ, ಅದಕ್ಕೆ ಯಾರೇನು ಮಾಡಲಾದೀತು ಎನ್ನುತ್ತೇವೆ. ಈ ಮಾತಿನಲ್ಲಿ ಒಂದು ದೊಡ್ಡ ಅನುಕೂಲವಿದೆ: ಯಾರ ಮೇಲೂ ತಪ್ಪು ಬರುವುದಿಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಸೀಮೆಯ ಈ ನಾಲ್ಕು ತಾಲೂಕುಗಳ ಬದುಕನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಜಗತ್ತನ್ನು ಬಹಳ ಬೇಗ ತಿಳಿದುಕೊಂಡೂ ಮನಸ್ಸು ಕೆಡದೆ ಬೆಳೆದ ಮಕ್ಕಳು ಇಲ್ಲಿದ್ದಾರೆ. ಏನೂ ತಿಳಿಯದಿದ್ದಾಗಲೇ ಎಲ್ಲವನ್ನೂ ಕಳೆದುಕೊಂಡ ಮಕ್ಕಳೂ ಇದ್ದಾರೆ. ಅರವತ್ತು ದಾಟಿದ ಮೇಲೆ ಮೊದಲ ಸಲ ನಂಬಿಕೆ ಮುರಿಸಿಕೊಂಡ ಹಿರಿಯರೂ ಇದ್ದಾರೆ. ಇವರೆಲ್ಲರನ್ನೂ ಒಟ್ಟಿಗೆ ಇಟ್ಟು ಯೋಚಿಸಿದಾಗ ನಾನು ಬಂದ ತೀರ್ಮಾನ ಇದು: ತಿಳಿಯುವುದರಿಂದ ಮುಗ್ಧತೆ ಹೋಗುವುದಿಲ್ಲ, ಒಬ್ಬರಿಗೆ ತಿಳಿಯದಿರುವುದನ್ನು ತಿಳಿದ ಇನ್ನೊಬ್ಬರು ತಮ್ಮ ಲಾಭಕ್ಕೆ ಬಳಸಿಕೊಂಡಾಗ ಹೋಗುತ್ತದೆ.

ಮೊದಲು ನೇಕಾರರ ಮನೆಯನ್ನೇ ತೆಗೆದುಕೊಳ್ಳೋಣ. ರಬಕವಿ, ಬನಹಟ್ಟಿಗಳಲ್ಲಿ ಮಗ್ಗ ಇರುವುದು ಬೇರೆಲ್ಲೋ ಅಲ್ಲ, ಜನ ಉಣ್ಣುವ, ಮಲಗುವ ಮನೆಯೊಳಗೇ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಒಗೆಯುತ್ತಿದ್ದರೆ, ಪಕ್ಕದಲ್ಲಿ ಅಜ್ಜಿಯೋ ಅವ್ವನೋ ರಾಟಿ ತಿರುಗಿಸುತ್ತ ಕಂಡಿಕಿಗೆ ನೂಲು ಸುತ್ತುತ್ತಿರುತ್ತಾರೆ. ಅಲ್ಲಿ ಬೆಳೆಯುವ ಕೂಸಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಯಾರೂ ಪಾಠ ಮಾಡುವುದಿಲ್ಲ. ಕಡಿದ ಎಳೆಯ ಎರಡು ತುದಿಗಳನ್ನು ಬೆರಳಿನಲ್ಲಿ ಹೊಸೆದು ಗಂಟು ಹಾಕುವುದನ್ನು ನೋಡಿ ನೋಡಿಯೇ ಕಲಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮನೆಯ ಹಣಕಾಸು ಅದಕ್ಕೆ ಗೊತ್ತಿರುತ್ತದೆ. ಒಂದು ಸೀರೆಗೆ ಮಜೂರಿ ಎಷ್ಟು, ಅಂಚಿನಲ್ಲಿ ಒಂದು ದೋಷ ಕಂಡರೆ ಎಷ್ಟು ಕಡಿತ, ನೂಲಿನ ದರ ಏರಿದ ವಾರ ಮನೆಯಲ್ಲಿ ಯಾಕೆ ಮಾತು ಕಡಿಮೆ, ಸಾವುಕಾರನಿಂದ ತಂದ ಮುಂಗಡ ಎಷ್ಟು ತೀರಿದೆ, ಎಷ್ಟು ಬಾಕಿ ಇದೆ, ಇದೆಲ್ಲ ಒಳಗೋಡೆಗಳಿಲ್ಲದ ಆ ಮನೆಯಲ್ಲಿ ಮಗುವಿನ ಕಿವಿಗೆ ಬೀಳದೆ ಇರದು. ಪೇಟೆಯ ಮಧ್ಯಮ ವರ್ಗದ ಮನೆಯಲ್ಲಿ ಇಪ್ಪತ್ತು ವರ್ಷದವರೆಗೂ ತಿಳಿಯದ ಸಂಗತಿ ಇಲ್ಲಿ ಎಂಟು ವರ್ಷಕ್ಕೇ ತಿಳಿದಿರುತ್ತದೆ. ಹಾಗಂತ ಆ ಹುಡುಗ ಗೋಲಿ ಆಡುವುದನ್ನು ಬಿಡಲಿಲ್ಲ. ಬಡತನದ ತಿಳುವಳಿಕೆ ಅವನಿಗೆ ಬಂದದ್ದು ಅವನನ್ನು ಪ್ರೀತಿಸುವವರ ನಡುವೆ, ಅವರದೇ ಬದುಕಿನ ಭಾಗವಾಗಿ. ಅವನಿಂದ ಯಾರೂ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟು ಲಾಭ ಮಾಡಿಕೊಳ್ಳಲೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಇದು ಬಾಲದುಡಿಮೆಯನ್ನು ಹೊಗಳಿದಂತಾಗಲಿಲ್ಲವೆ ಎಂದು ಕೇಳಬಹುದು. 1986ರ ಬಾಲಕಾರ್ಮಿಕ ಕಾಯ್ದೆ ಬಟ್ಟೆ ನೇಯುವ ಕೆಲಸವನ್ನು ನಿಷೇಧಿತ ಪಟ್ಟಿಯಲ್ಲಿ ಸೇರಿಸಿತು, ಆದರೆ ಮನೆಮಂದಿಯೇ ನಡೆಸುವ ಮಗ್ಗವನ್ನು ಆ ನಿಷೇಧದಿಂದ ಹೊರಗಿಟ್ಟಿತು. 2016ರ ತಿದ್ದುಪಡಿ 14ರ ಒಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗುವುದಕ್ಕೆ ಅವಕಾಶ ಉಳಿಸಿತು. ಈ ಸಂದಿಯಲ್ಲಿ ಮೋಸ ನುಸುಳಬಹುದು ಎಂಬ ಆತಂಕ ನಿಜವಾದದ್ದು. ಅವ್ವನ ಪಕ್ಕ ಕೂತು ಅರ್ಧ ತಾಸು ಕಂಡಿಕಿ ಸುತ್ತುವುದು ಬೇರೆ. ಮಗ್ಗದ ಮುಂಗಡ ತೀರಲಿ ಎಂದು ಸಾಲಿ ಬಿಡಿಸಿ, ಕಿವಿ ಕಿವುಡಾಗುವ ಪವರ್‌ಲೂಮ್ ಶೆಡ್ಡಿನಲ್ಲಿ ಹಗಲೆಲ್ಲ ನಿಲ್ಲಿಸುವುದು ಬೇರೆ. ಎರಡನೆಯದರಲ್ಲಿ ಆ ಮಗು ತೀರಿಸುತ್ತಿರುವುದು ತಾನು ಮಾಡದ ಸಾಲವನ್ನು. ತನಗೆ ತಪ್ಪಿದ ತರಗತಿಯ ಬೆಲೆ ಎಷ್ಟೆಂಬುದು ಅದಕ್ಕೆ ತಿಳಿಯದು, ತಿಳಿದವರು ಸುಮ್ಮನಿದ್ದಾರೆ. ಕೆಲಸ ಕಷ್ಟದ್ದೋ ಸುಲಭದ್ದೋ ಎಂಬುದು ಎರಡನೆಯ ಮಾತು. ಮಗು ಬೇಡ ಎಂದಾಗ ಎದ್ದು ಆಡಲು ಹೋಗಬಹುದೇ, ನಾಳೆ ಬೆಳಗ್ಗೆ ಸಾಲಿಗೆ ಹೋಗುತ್ತದೆಯೇ, ಇವೆರಡನ್ನು ಕೇಳಿದರೆ ಯಾವುದು ಕಲಿಕೆ, ಯಾವುದು ಸುಲಿಗೆ ಎಂದು ಗೊತ್ತಾಗುತ್ತದೆ.

ಇನ್ನು ಈ ಸೀಮೆಯ ಅತ್ಯಂತ ನೋವಿನ ಸಂಗತಿಗೆ ಬರುತ್ತೇನೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಯಲ್ಲಿ ಹೋಗುವ ಭಕ್ತರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ನನ್ನ ಮಾತು ಆ ಭಕ್ತಿಯ ಹೆಸರಿನಲ್ಲಿ ಚಿಕ್ಕ ಹುಡುಗಿಯರಿಗೆ ಮುತ್ತು ಕಟ್ಟಿದ ಪದ್ಧತಿಯ ಬಗ್ಗೆ. ತಲೆಯಲ್ಲಿ ಜಡೆಗಟ್ಟಿತು ಎಂದೋ, ಮನೆಯಲ್ಲಿ ಬೇನೆ ಬಿಡುತ್ತಿಲ್ಲ ಎಂದೋ, ಗಂಡು ಸಂತಾನವಿಲ್ಲದ ಮನೆಯಲ್ಲಿ ಮುಪ್ಪಿನವರನ್ನು ನೋಡಿಕೊಳ್ಳಲು ಒಬ್ಬಳಿರಲಿ ಎಂದೋ, ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವಿಯ ಹೆಸರಿಗೆ ಬಿಟ್ಟು ದೇವದಾಸಿಯರನ್ನಾಗಿಸಿದರು. ಆ ದಿನವನ್ನು ಮಗುವಿನ ಕಣ್ಣಿನಿಂದ ನೋಡಬೇಕು. ಮೈಗೆ ಎಣ್ಣೆ ಹಚ್ಚಿ ಎರೆಯುತ್ತಾರೆ. ಹೊಸ ಸೀರೆ, ಕೈ ತುಂಬ ಹಸಿರು ಬಳೆ, ಕೊರಳಿಗೆ ಕೆಂಪು-ಬಿಳಿ ಮಣಿಗಳ ಸರ. ಎಂದೂ ಯಾರೂ ತಿರುಗಿ ನೋಡದ ಹುಡುಗಿ ಅಂದು ಎಲ್ಲರ ನಡುವೆ ಕೂತಿದ್ದಾಳೆ, ಅವಳ ಎಲೆಗೆ ಮೊದಲು ಹೋಳಿಗೆ ಬಡಿಸುತ್ತಾರೆ. ಆ ಖುಷಿ ಸುಳ್ಳಲ್ಲ. ಅದು ನಿಜವಾದ ಖುಷಿ ಎಂಬುದರಲ್ಲೇ ಈ ಪದ್ಧತಿಯ ಕ್ರೌರ್ಯವಿದೆ, ಯಾಕೆಂದರೆ ಇಡೀ ಕಾರ್ಯ ನಿಂತಿರುವುದೇ ಆ ಹುಡುಗಿಗೆ ಏನೂ ತಿಳಿಯದು ಎಂಬುದರ ಮೇಲೆ. ತಿಳಿದಿದ್ದರೆ ಅವಳು ಕೂರುತ್ತಿರಲಿಲ್ಲ. ಅವಳು ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬ ಬಾಗಿಲಿಗೆ ಬಂದಾಗ ಸರದ ಅರ್ಥ ತಿಳಿಯುತ್ತದೆ. ಜೊತೆಗೇ ಇನ್ನೊಂದು ತಿಳಿಯುತ್ತದೆ: ಆವತ್ತು ಸುತ್ತ ನಿಂತಿದ್ದವರಿಗೆಲ್ಲ ಇದು ಗೊತ್ತಿತ್ತು. ಗಂಡಸು ಎಂಥವನು ಎಂಬ ತಿಳುವಳಿಕೆಗಿಂತ ಆ ಎರಡನೆಯ ತಿಳುವಳಿಕೆಯೇ ಅವಳ ಬಾಲ್ಯವನ್ನು ಹಿಂದಿನಿಂದ ಬಂದು ಅಳಿಸಿಹಾಕುತ್ತದೆ.

ಹಾಗಾದರೆ ತಾಯಿ ಮೋಸಗಾತಿಯೇ ಎಂದು ಕೇಳುವವರಿದ್ದಾರೆ. ಅನೇಕ ಮನೆಗಳಲ್ಲಿ ಆ ತಾಯಿಗೂ ಹಾಗೆಯೇ ಮುತ್ತು ಕಟ್ಟಿದ್ದರು. ಅವಳಿಗೆ ಬೇರೆ ದಾರಿಯನ್ನು ಯಾರೂ ತೋರಿಸಿರಲಿಲ್ಲ. ಅದಕ್ಕೇ ಹೊಣೆಯನ್ನು ಎಣಿಸುವಾಗ ಕೈಯಾರೆ ಸರ ಕಟ್ಟಿದವರಲ್ಲೇ ನಿಲ್ಲಬಾರದು. ಆ ಸರದಿಂದ ಯಾರಿಗೆ ಏನು ದಕ್ಕಿತು ಎಂದು ಕೊನೆಯವರೆಗೂ ಎಣಿಸಬೇಕು. ಹೆಣ್ಣನ್ನು ಇಟ್ಟುಕೊಂಡು, ಹುಟ್ಟಿದ ಮಕ್ಕಳಿಗೆ ತನ್ನ ಹೆಸರನ್ನೂ ಹೊಲವನ್ನೂ ಕೊಡದೆ ಉಳಿದ ಗಂಡಸಿನವರೆಗೆ ಆ ಎಣಿಕೆ ಹೋಗಬೇಕು. ಕಾಯ್ದೆಯ ಇತಿಹಾಸವೂ ಇಲ್ಲಿ ಒಂದು ಪಾಠ ಹೇಳುತ್ತದೆ. ಮುಂಬಯಿ ಪ್ರಾಂತದ ದೇವದಾಸಿ ರಕ್ಷಣಾ ಕಾಯ್ದೆ 1934ರಲ್ಲೇ ಬಂದಿತ್ತು. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಬ್ರಿಟಿಷ್ ಪ್ರಾಂತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ದೇವಿ, ಒಂದೇ ಹರಕೆ, ಒಂದೇ ಭಾಷೆಯ ಹುಡುಗಿಯರು. ಆದರೆ ಕಾಯ್ದೆಯ ರಕ್ಷೆ ಸಂಸ್ಥಾನದ ಗಡಿಯಲ್ಲಿ ನಿಂತುಬಿಡುತ್ತಿತ್ತು. 1948ರ ಮಾರ್ಚ್‌ನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಕರ್ನಾಟಕದ್ದೇ ಆದ ಕಾಯ್ದೆಗೆ 1982ರವರೆಗೆ ಕಾಯಬೇಕಾಯಿತು, ಅದು ಜಾರಿಗೆ ಬಂದದ್ದು 1984ರಲ್ಲಿ. ಆ ಕಾಯ್ದೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಒಂದು ಅಂಶ: ಹೆಣ್ಣು ಒಪ್ಪಿದ್ದಳೋ ಇಲ್ಲವೋ, ಮುತ್ತು ಕಟ್ಟುವುದು ಅಪರಾಧವೇ. ಅರಿಯದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಕಾಯ್ದೆ ಗುರುತಿಸಿತು. ಅಷ್ಟರಲ್ಲಿ ಎಷ್ಟೋ ತಲೆಮಾರು ದಾಟಿಹೋಗಿತ್ತು. 2007-08ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660 ಮಂದಿ.

ಈ ವಿಳಂಬ ಇನ್ನೂ ಚುಚ್ಚುವುದು ಮತ್ತೊಂದು ಕಾರಣಕ್ಕೆ. ಎಳೆಯರ ಅರಿಯದತನವನ್ನು ಕಾಯಬೇಕೆಂಬುದು ನಮ್ಮ ನ್ಯಾಯಾಲಯಗಳಿಗೆ ಹೊಸತೇನಾಗಿರಲಿಲ್ಲ. ಅಪ್ರಾಪ್ತ ವಯಸ್ಸಿನವನು ಬರೆದುಕೊಟ್ಟ ಸಾಲಪತ್ರ ಮೊದಲಿನಿಂದಲೇ ಊರ್ಜಿತವಲ್ಲ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ತೀರ್ಪು ಕೊಟ್ಟಿತ್ತು. ಮನೆಯನ್ನು ಅಡವಿಡಲು ಹುಡುಗನ ಸಹಿ ನಡೆಯದು. ಆದರೆ ಹುಡುಗಿಯ ಇಡೀ ಬಾಳನ್ನು ಒತ್ತೆ ಇಡುವುದು ನಡೆಯಿತು. ಬಾಲ್ಯವಿವಾಹದ ಮಾತೂ ಹೀಗೆಯೇ. 2017ರಿಂದ ಕರ್ನಾಟಕದಲ್ಲಿ 18 ತುಂಬದವಳ ಮದುವೆ ಕಾಯ್ದೆಯ ದೃಷ್ಟಿಯಲ್ಲಿ ಆಗಿಯೇ ಇಲ್ಲದ ಮದುವೆ. 18ರ ಗೆರೆಯಂತೂ 1978ರಿಂದಲೇ ಇತ್ತು; ಹಾಗಿದ್ದೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ ಶೇಕಡಾ 21ರಷ್ಟು ಮಂದಿಗೆ 18ರ ಮೊದಲೇ ಮದುವೆಯಾಗಿತ್ತು. ಹೊಲದ ಕಾಗದಕ್ಕಿರುವ ಎಚ್ಚರ ಹೆಣ್ಣುಮಗಳ ಬಾಳಿಗೆ ಇನ್ನೂ ಪೂರ್ತಿ ಬಂದಿಲ್ಲ.

ಮುಗ್ಧತೆ ಎಂದರೆ ಬರೀ ಅರಿಯದತನವೇ, ಅದರಲ್ಲಿ ಒಂದು ದೊಡ್ಡ ಗುಣವಿಲ್ಲವೇ ಎಂದು ಭಕ್ತಿಪರಂಪರೆಯನ್ನು ಬಲ್ಲವರು ಕೇಳಬಹುದು. ಇದು ತೂಕದ ಪ್ರಶ್ನೆ. ಬಸವಪುರಾಣದ ಪರಂಪರೆಯಲ್ಲಿ ಬರುವ ಕೋಳೂರ ಕೊಡಗೂಸಿನ ಕಥೆ ನಮ್ಮ ಜನಕ್ಕೆ ಗೊತ್ತಿರುವಂಥದು. ಊರಿಗೆ ಹೊರಟ ತಂದೆ ದಿನಾಲೂ ಶಿವನಿಗೆ ಹಾಲು ಕೊಡು ಎಂದು ಮಗಳಿಗೆ ಹೇಳಿಹೋಗುತ್ತಾನೆ. ಹಾಲು ಕೊಟ್ಟರೆ ದೇವರು ಕುಡಿಯುತ್ತಾನೆಂದೇ ಆ ಕೂಸು ತಿಳಿದಿದೆ. ಕುಡಿಯದಾಗ ಅಳುತ್ತದೆ, ಹಟ ಹಿಡಿಯುತ್ತದೆ, ತಲೆ ಚಚ್ಚಿಕೊಳ್ಳಲು ಹೋಗುತ್ತದೆ. ಶಿವ ಬಂದು ಕುಡಿಯುತ್ತಾನೆ. ತಂದೆ ತಿರುಗಿ ಬಂದಾಗ ಆ ಮಾತನ್ನು ನಂಬುವುದಿಲ್ಲ, ಹಾಲನ್ನು ತಾನೇ ಕುಡಿದು ಸುಳ್ಳು ಹೇಳುತ್ತಿದ್ದಾಳೆ ಎಂದು ಗದರಿಸುತ್ತಾನೆ. ಕೊನೆಗೆ ಕೂಸು ಲಿಂಗದಲ್ಲಿ ಐಕ್ಯವಾಗುತ್ತದೆ. ತಂದೆಯ ಕೈಗೆ ಸಿಕ್ಕದ್ದು ಅವಳ ಕೂದಲು ಮಾತ್ರ. ಈ ಕಥೆಯನ್ನು ಮುಗ್ಧಭಕ್ತಿಯ ಹಿರಿಮೆ ಎಂದು ಓದುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಕಥೆಯಲ್ಲಿ ಹಿರಿಯರು ಇಬ್ಬರಿದ್ದಾರೆ ಎಂಬುದನ್ನು ನಾವು ಗಮನಿಸುವುದಿಲ್ಲ. ಒಬ್ಬ ಆ ಕೂಸಿನ ನಂಬಿಕೆಗೆ ತಕ್ಕಂತೆ ತಾನು ನಡೆದುಕೊಂಡವನು, ಇನ್ನೊಬ್ಬ ಅದನ್ನು ಸುಳ್ಳೆಂದವನು. ಶಿವನಿಗೆ ಹಾಲು ಬೇಕಾಗಿರಲಿಲ್ಲ. ತನ್ನನ್ನು ನಂಬಿದವಳನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದೊಂದೇ ಅವನಿಗಿದ್ದ ಕಾರಣ. ಮುಗ್ಧತೆಯ ಹಿರಿಮೆ ನಂಬುವವಳಲ್ಲಿ ಎಷ್ಟಿದೆಯೋ, ನಂಬಿಕೆಗೆ ಪಾತ್ರನಾದವನ ನಡತೆಯಲ್ಲೂ ಅಷ್ಟೇ ಇದೆ. ಎರಡನೆಯದು ಇಲ್ಲದ ಕಡೆ ಮೊದಲನೆಯದನ್ನು ಕೊಂಡಾಡುವುದು ಸುಲಿಗೆಗೆ ದಾರಿ ಮಾಡಿಕೊಟ್ಟಂತೆ.

ಇದು ಬರೀ ಮಕ್ಕಳ ವಿಷಯವೂ ಅಲ್ಲ. ಬೀಳಗಿ ತಾಲೂಕಿನ ಕೃಷ್ಣಾ ತೀರದ ಊರುಗಳನ್ನು ನೋಡಿ. ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಆದದ್ದು 1964ರಲ್ಲಿ. ಹಿನ್ನೀರು ಬಂದು ಹೊಲ, ಮನೆ, ಗುಡಿಗಳನ್ನು ಮುಳುಗಿಸಿದ್ದು ಅದಾದ ಒಂದು ತಲೆಮಾರಿನ ಮೇಲೆ. ಎರೆ ಹೊಲವನ್ನು ಎತ್ತಿನ ಹೆಜ್ಜೆಯಿಂದ ಅಳೆಯಬಲ್ಲ, ಆಕಾಶ ನೋಡಿ ಹಿಂಗಾರಿಯ ಬಿತ್ತಿಗೆ ದಿನ ಹೇಳಬಲ್ಲ ಹಿರಿಯರು ಅವರು. ಅವರನ್ನು ತಿಳಿಗೇಡಿಗಳು ಎನ್ನಲು ಯಾರಿಗೂ ಬಾಯಿ ಬಾರದು. ಆದರೆ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಒಂದು ನಿಯಮವಿತ್ತು: ಪರಿಹಾರದ ಹಣ ಪಡೆಯುವಾಗ, ಈ ಮೊತ್ತಕ್ಕೆ ನನ್ನ ತಕರಾರಿದೆ ಎಂದು ಹೇಳಿ ಪಡೆಯಬೇಕು. ಹಾಗೆ ಹೇಳದೆ ಪಡೆದವನಿಗೆ ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟಿನ ಕದ ತಟ್ಟುವ ಹಕ್ಕು ತಪ್ಪಿಹೋಗುತ್ತಿತ್ತು. ಹೆಬ್ಬೆಟ್ಟು ಒತ್ತುವಾಗ ಒಂದು ಮಾತು ಆಡಬೇಕಿತ್ತು ಎಂಬುದು ತಿಳಿಯದವನ ಪಾಲಿಗೆ ತಾತ ಮುತ್ತಾತರ ಹೊಲ ಅಲ್ಲಿಗೇ ಮುಗಿಯಿತು. ಕೋರ್ಟಿಗೆ ಹೋದ ಎಷ್ಟೋ ರೈತರಿಗೆ ಪರಿಹಾರ ಹೆಚ್ಚಿತು. ಬದುವಿನ ಆಚೆಯವನಿಗೆ ಸಿಕ್ಕದ್ದು ತನಗೆ ಯಾಕಿಲ್ಲ ಎಂದು ಅರವತ್ತರ ಮುದುಕ ಕೇಳಿದಾಗ, ನೀನು ಆವತ್ತು ತಕರಾರು ಮಾಡಲಿಲ್ಲವಲ್ಲ ಎಂಬುದು ಉತ್ತರ. ಹೀಗೆ ಬಿಟ್ಟುಹೋದವರಿಗಾಗಿ 1984ರ ತಿದ್ದುಪಡಿ ಒಂದು ಕಿರುಬಾಗಿಲು ತೆರೆಯಿತು. ಅದಕ್ಕೂ ಗಡುವು ಇತ್ತು, ಆ ಗಡುವು ಸಹ ತಿಳಿದವರಿಗೇ ತಿಳಿದಿತ್ತು. ಸರಕಾರದ ಕಾಗದ ಸುಳ್ಳು ಹೇಳದು ಎಂದು ಆಯುಷ್ಯವೆಲ್ಲ ನಂಬಿದ್ದ ಮನುಷ್ಯ ಆ ದಿನ ಕಳೆದುಕೊಂಡದ್ದಕ್ಕೂ, ಮಣಿಸರದ ಹುಡುಗಿ ಕಳೆದುಕೊಂಡದ್ದಕ್ಕೂ ಅಳತೆಯಲ್ಲಿ ಅಜಗಜಾಂತರವಿದೆ, ಆದರೆ ಬಗೆ ಒಂದೇ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನೀರಿನ ನ್ಯಾಯಮಂಡಳಿ 2010ರಲ್ಲಿ ಒಪ್ಪಿರುವುದರಿಂದ ಈ ಮಾತು ಹಳೆಯದಾಗಿಲ್ಲ.

ಮೋಸಹೋದವರೆಲ್ಲ ಮನಸ್ಸು ಮುದುಡಿ ಯಾರನ್ನೂ ನಂಬದವರಾಗುತ್ತಾರೆ, ಬೆಳೆಯುವುದೆಂದರೆ ಅದೇ ಎಂದು ಹೇಳುವವರಿಗೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯನ್ನು ತೋರಿಸಬೇಕು. ಕೃಷ್ಣೆ ಊರ ಮಗ್ಗುಲಲ್ಲೇ ಹರಿದರೂ ಬೇಸಗೆಯಲ್ಲಿ ಹೊಳೆ ಬತ್ತುತ್ತಿತ್ತು. ಸರಕಾರ ಕಟ್ಟೀತು ಎಂದು ಕಾಯುವುದನ್ನು ಬಿಟ್ಟು, ರೈತರೇ ಸಂಘ ಕಟ್ಟಿಕೊಂಡು, ಹಣ ಹಾಕಿ, ಮೈಮುರಿದು ದುಡಿದು 1989ರ ಹೊತ್ತಿಗೆ ಬ್ಯಾರೇಜು ಕಟ್ಟಿದರು. ಮುಂದಾಳಾಗಿದ್ದವರು ಸಿದ್ದು ನ್ಯಾಮಗೌಡರು. ಆ ನೀರಿನ ಸಂಗ್ರಹಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರಾಯಿತು. ನೀರಾವರಿಯ ದೃಷ್ಟಿಯಿಂದ ಅದರ ಮಾತು ಬೇಕಾದಷ್ಟು ಆಗಿದೆ, ಇಲ್ಲಿ ನನಗೆ ಬೇಕಾದದ್ದು ಇನ್ನೊಂದು. ಆ ರೈತರು ಒಂದು ಭರವಸೆಯನ್ನು ಕಳೆದುಕೊಂಡಿದ್ದರು. ಆದರೆ ಪಕ್ಕದ ಹೊಲದವನು ತನ್ನ ಪಾಲಿನ ದುಡ್ಡು ಕೊಟ್ಟೇ ಕೊಡುತ್ತಾನೆ ಎಂದು ನಂಬದಿದ್ದರೆ ಮೊದಲ ಕಲ್ಲೂ ಬೀಳುತ್ತಿರಲಿಲ್ಲ. ಲೆಕ್ಕ ಎಲ್ಲರೆದುರು ಇದ್ದಲ್ಲಿ ಆ ನಂಬಿಕೆ ಉಳಿಯುತ್ತದೆ. ಎಲ್ಲ ತಿಳಿದೂ ಒಬ್ಬರನ್ನೊಬ್ಬರು ನಂಬುವುದು ಸಾಧ್ಯ, ಮತ್ತು ಅದು ಮಗುವಿನ ನಂಬಿಕೆಗಿಂತ ಕಡಿಮೆಯದಲ್ಲ.

ಅರಿಯದವರನ್ನು ಹಿರಿಯರು ಬಳಸಿಕೊಳ್ಳುವ ಸಂಗತಿಯನ್ನು ಮುಧೋಳದ ರನ್ನ ಹತ್ತನೆಯ ಶತಮಾನದಲ್ಲಿ ಇನ್ನೊಂದು ತುದಿಯಿಂದ ಕಂಡಿದ್ದ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಯಾದ ಅವನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಭೀಷ್ಮರ ಬಳಿಗೆ ಹೋಗುತ್ತಾನೆ. ದಾರಿಯಲ್ಲಿ ಅಭಿಮನ್ಯು ಬಿದ್ದಿದ್ದಾನೆ. ಅವನಿಗೆ ಚಕ್ರವ್ಯೂಹದ ಒಳಗೆ ಹೋಗುವುದು ತಿಳಿದಿತ್ತು, ಹೊರಗೆ ಬರುವುದು ತಿಳಿದಿರಲಿಲ್ಲ. ಆ ಅರ್ಧ ತಿಳುವಳಿಕೆಯ ಎಳೆಯನನ್ನು ಕಳಿಸಿದವರೂ ಹಿರಿಯರೇ, ಮುತ್ತಿ ಕೊಂದವರೂ ಹಿರಿಯರೇ. ರನ್ನನ ದುರ್ಯೋಧನ ಶತ್ರುವಿನ ಆ ಮಗನ ಮುಂದೆ ನಿಂತು ಕೈಮುಗಿಯುವ ಮನಸ್ಸಿನಿಂದ ಮಾತಾಡುತ್ತಾನೆ, ಇಂಥ ಸಾವಿನ ಒಂದು ಪಾಲಾದರೂ ತನಗೆ ಬರಲಿ ಎಂದು ಬೇಡುತ್ತಾನೆ. ಮುಂದೆ ತನ್ನ ಮಗ ಲಕ್ಷಣಕುಮಾರನ ಹೆಣವನ್ನೂ ಕಾಣುತ್ತಾನೆ. ಎಳೆಯರನ್ನು ತಮ್ಮ ಹಟಕ್ಕೆ ಬಳಸಿದವರಿಗೆ ತಿಳುವಳಿಕೆ ಬರುವ ಹೊತ್ತು ಅದು. ಬಂತು, ಆದರೆ ತಡವಾಗಿ ಬಂತು. ಕಾವ್ಯದಲ್ಲಿ ತಡವಾದರೆ ಅದು ಕರುಣರಸ. ಊರಿನಲ್ಲಿ ತಡವಾದರೆ ಒಬ್ಬಳ ಬಾಳು.

ಕೊನೆಯ ಆಕ್ಷೇಪವೊಂದಿದೆ, ಅದನ್ನು ಬಹಳ ತಾಯಂದಿರು ಕಳಕಳಿಯಿಂದ ಎತ್ತುತ್ತಾರೆ. ಮಕ್ಕಳಿಗೆ ಕೆಟ್ಟದ್ದನ್ನೆಲ್ಲ ಮೊದಲೇ ಹೇಳಿದರೆ ಅವರ ಮನಸ್ಸಿನಲ್ಲಿ ಸಂಶಯ ತುಂಬಿದಂತಾಗದೇ ಎಂದು. ಯಾರನ್ನೂ ನಂಬಬೇಡ ಎಂದಷ್ಟೇ ಹೇಳಿ ಸುಮ್ಮನಾದರೆ ಹಾಗೆ ಆಗುತ್ತದೆ, ನಿಜ. ಆದರೆ ಹೇಳಬೇಕಾದದ್ದು ಅದಲ್ಲ. ಯಾರಾದರೂ ಮೈ ಮುಟ್ಟಿದಾಗ ಬೇಡ ಅನ್ನಿಸಿದರೆ ಬೇಡ ಅನ್ನು, ಬಂದು ನನಗೆ ಹೇಳು, ನಾನು ನಂಬುತ್ತೇನೆ ಎಂದು ಹೇಳಬೇಕು. ಈ ಮಾತಿನ ಕೊನೆಯ ಭಾಗವನ್ನು ಹಿರಿಯರು ಬಿಟ್ಟುಬಿಡುತ್ತಾರೆ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆ ಇದೆ, 1098 ಮಕ್ಕಳ ಸಹಾಯವಾಣಿ ಇದೆ; ಮಗು ಬಾಯಿಬಿಟ್ಟಾಗ ಸುಳ್ಳು ಹೇಳಬೇಡ ಎಂದು ಗದರಿಸುವ ಮನೆಯಲ್ಲಿ ಇವೆರಡೂ ಕೆಲಸಕ್ಕೆ ಬಾರವು.

ಊರಿನ ಮಟ್ಟದಲ್ಲಿ ಇದಕ್ಕೆ ಒಂದು ಜಾಗ ಈಗಾಗಲೇ ಇದೆ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರಕಾರ 2006ರ ಸುಮಾರಿನಿಂದ ಹೇಳುತ್ತ ಬಂದಿದೆ. ಮಕ್ಕಳು ಎದ್ದು ನಿಂತು ಶೌಚಾಲಯದ ಬಾಗಿಲು ಮುರಿದಿದೆ, ಸಾಲಿಗೆ ಬರುವ ದಾರಿಯಲ್ಲಿ ಕುಡುಕರು ಕಾಡುತ್ತಾರೆ, ನಮ್ಮ ಗೆಳತಿಗೆ ಮದುವೆ ಗೊತ್ತುಮಾಡಿದ್ದಾರೆ ಎಂದು ಹೇಳಬಹುದಾದ ಸಭೆ ಅದು. ಅನೇಕ ಕಡೆ ಅದು ಹಾರ, ಭಾಷಣ, ಫೋಟೋಗಳಲ್ಲಿ ಮುಗಿಯುತ್ತದೆ. ಮಕ್ಕಳು ಕೇಳಿದ್ದನ್ನು ಬರೆದುಕೊಳ್ಳುತ್ತಾರೆ, ಆ ಪುಸ್ತಕವನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಮರುವರ್ಷ ಅದೇ ಹುಡುಗಿ ಅದೇ ಬಾಗಿಲಿನ ಬಗ್ಗೆ ಕೇಳುವುದಿಲ್ಲ. ಈ ನಾಲ್ಕೂ ತಾಲೂಕುಗಳ ಪಂಚಾಯತಿಗಳಿಗೆ ನನ್ನ ವಿನಂತಿ ಇಷ್ಟೆ. ಮುಂದಿನ ಸಭೆಯನ್ನು ಭಾಷಣದಿಂದ ಆರಂಭಿಸಬೇಡಿ, ಹಿಂದಿನ ಸಭೆಯ ಆ ಪುಸ್ತಕದಿಂದ ಆರಂಭಿಸಿ. ಯಾವ ಮಗು ಏನು ಕೇಳಿತ್ತು, ಏನು ಆಯಿತು, ಆಗದೆ ಉಳಿದದ್ದು ಯಾಕೆ ಉಳಿಯಿತು ಎಂದು ಅಧ್ಯಕ್ಷರೇ ಎದ್ದು ನಿಂತು ಮಕ್ಕಳೆದುರು ಓದಿಹೇಳಲಿ.